ಹನ್ನೆರಡಕ್ಕೆ ಎಲ್ಲಿದ್ದಿರಿ?

ಮಾರ್ಚ್ 3, ಮಂಗಳವಾರ

ಪತ್ರಿಕೆ ಅಚ್ಚು ಹಾಕುವ ಪ್ಲೇಟು ಬರುವುದಕ್ಕೆ ಇನ್ನೂ ಅರ್ಧ ಗಂಟೆಯಿದೆ. ಗಡಿಯಾರ ನೋಡಿದರೆ ಇದು ಸೋಮವಾರ ರಾತ್ರಿ. ಆದರೆ ನಾವು ಪ್ರೆಸ್ಸಿನವರು ಕೈಗೆ ಮೆತ್ತಿಕೊಳ್ಳುವುದು ಮಂಗಳವಾರದ ಪತ್ರಿಕೆಯ ಶಾಯಿ, ಹಾಗಾಗಿ ನಮಗೆ ಇದು ಆಗಲೇ ಮಂಗಳವಾರ. ಹನ್ನೊಂದು ವರ್ಷದ ಅಭ್ಯಾಸ. ಮಗಳ ಹುಟ್ಟಿದ ದಿನಕ್ಕೆ ಪ್ರತಿವರ್ಷವೂ ಒಂದು ದಿನ ಮೊದಲೇ ಶುಭಾಶಯ ಹೇಳಿ ಬೈಸಿಕೊಳ್ಳುತ್ತೇನೆ. "ಇವರಿಗೆ ಇವತ್ತು ಅನ್ನೋದೇ ಇಲ್ಲ, ಯಾವಾಗ್ಲೂ ನಾಳೆ" ಎಂದು ನನ್ನ ಹೆಂಡತಿ ಸಿಕ್ಕವರಿಗೆಲ್ಲ ಹೇಳುತ್ತಾಳೆ.

ಈ ದಿನಚರಿ ಪುಸ್ತಕ ಕಾಗದದ ರೀಲು ಮಾರುವ ಕಂಪನಿಯವರು ಹೊಸ ವರ್ಷಕ್ಕೆ ಹಂಚಿದ್ದು. ಎರಡು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಯಾರಿಗೂ ಹೇಳಲಾಗದ್ದೊಂದು ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ತೆರಿಗೆ ಕಚೇರಿಯಿಂದ ಕಾಗದ ಬಂದಿದೆ. ಮಧ್ಯಾಹ್ನ ನಿದ್ದೆಗಣ್ಣಿನಲ್ಲಿ ಒಡೆದೆ. ಓದಿ ಮುಗಿಸುವಷ್ಟರಲ್ಲಿ ನಿದ್ದೆ ಹಾರಿಹೋಗಿತ್ತು. ನಮ್ಮ ಮನೆ ಇರುವುದು ನದಿಯ ಒಂದು ದಡದಲ್ಲಿ, ಪ್ರೆಸ್ಸು ಇನ್ನೊಂದು ದಡದಲ್ಲಿ. ದಡ ಬೇರೆ, ದೇಶವೂ ಬೇರೆ. ಎರಡೂ ನಾವು ಹುಟ್ಟಿದ ದೇಶವಲ್ಲ. ನಡುವೆ ಸೇತುವೆ, ಸೈಕಲ್ ಮೇಲೆ ಇಪ್ಪತ್ತು ನಿಮಿಷ. ಕಾಗದ ಹೇಳುವುದು ಇಷ್ಟು: ಪ್ರೆಸ್ಸಿನವರು ಕೊಟ್ಟ ಪಾಳಿಗಳ ಒಟ್ಟು ಲೆಕ್ಕದಂತೆ ಕಳೆದ ವರ್ಷ ನಡುರಾತ್ರಿ ಹನ್ನೆರಡಕ್ಕೆ ನಾನು 283 ಸಲ ಪ್ರೆಸ್ಸಿನ ದಡದಲ್ಲಿದ್ದೆ. ಹನ್ನೆರಡಕ್ಕೆ ಎಲ್ಲಿದ್ದೆವೋ ಆ ದಿನ ಆ ದೇಶದ ಲೆಕ್ಕಕ್ಕೆ. ಆದ್ದರಿಂದ ತೆರಿಗೆಯ ಮಟ್ಟಿಗೆ ನಾನು ಮನೆಯ ದಡದ ನಿವಾಸಿಯೇ ಅಲ್ಲ. ನಿವಾಸಿ ಎಂದು ಮನೆಯ ದಡದಲ್ಲಿ ಸಲ್ಲಿಸಿದ ರಿಟರ್ನ್ ತಪ್ಪು, ಪ್ರೆಸ್ಸಿನ ದಡದಲ್ಲಿ ಸಲ್ಲಿಸದೆ ಇದ್ದದ್ದು ಇನ್ನೊಂದು ತಪ್ಪು. ನಲವತ್ತೈದು ದಿನದೊಳಗೆ ಉತ್ತರಿಸಬೇಕು.

ನಾನು ಪ್ರೆಸ್ಸಿನ ದಡದಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ. ಅಲ್ಲಿ ನನಗೆ ಒಂದು ದಿಂಬೂ ಇಲ್ಲ.

ಇಷ್ಟೇ ಆಗಿದ್ದರೆ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಜೂನ್ ಕೊನೆಗೆ ನಮ್ಮ ಮೂವರ ವಾಸದ ಪರವಾನಗಿ ಮುಗಿಯುತ್ತದೆ. ಅದನ್ನು ಮುಂದುವರಿಸಲು ನಾನು ಮನೆಯ ದಡದ ನಿವಾಸಿ ಎಂದು ತೆರಿಗೆ ಕಚೇರಿಯೇ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಮಗಳಿಗೆ ಹದಿನಾರು, ಮುಂದಿನ ವರ್ಷ ಶಾಲೆಯ ಕೊನೆಯ ಪರೀಕ್ಷೆ.

ಕಾಗದವನ್ನು ನನ್ನ ಚಳಿಗಾಲದ ಬೂಟಿನೊಳಗೆ ತುರುಕಿಟ್ಟಿದ್ದೇನೆ. ಹೆಂಡತಿಗೆ ಹೇಳಿಲ್ಲ.

ಮಾರ್ಚ್ 5, ಗುರುವಾರ

ನಿದ್ದೆ ಬಿಟ್ಟು ತೆರಿಗೆ ಸಲಹೆಗಾರನ ಹತ್ತಿರ ಹೋಗಿದ್ದೆ. ಹೊಲಿಗೆ ಅಂಗಡಿಯ ಮೇಲಿನ ಕೋಣೆ, ಕೆಳಗಿನಿಂದ ಮಿಷನ್ ಸದ್ದು ಬರುತ್ತಲೇ ಇರುತ್ತದೆ. ಮನುಷ್ಯ ಒಳ್ಳೆಯವನು, ಆದರೆ "ಅಂದ್ರೆ" ಇಲ್ಲದೆ ಬಾಯಿ ತೆರೆಯುವುದಿಲ್ಲ. ನಾನು ಮನಸ್ಸಿನಲ್ಲೇ ಅಂದ್ರೆಪ್ಪ ಎಂದು ಹೆಸರಿಟ್ಟಿದ್ದೇನೆ.

"ಪ್ರೆಸ್ಸಿನವರು ಸಂಬಳದಲ್ಲೇ ತೆರಿಗೆ ಹಿಡೀತಾರಲ್ಲ ಸಾರ್, ನಾನು ಯಾರಿಗೂ ಮೋಸ ಮಾಡಿಲ್ಲ" ಎಂದೆ.

"ಅಂದ್ರೆ, ತೆರಿಗೆ ಕಟ್ಟೋದೇ ಬೇರೆ, ರಿಟರ್ನ್ ಹಾಕೋದೇ ಬೇರೆ. ಕಟ್ಟಿದ್ರೂ ಹೇಳ್ಬೇಕು. ಎರಡೂ ಕಡೆ ಹೇಳ್ಬೇಕು. ಅಲ್ಲಿ ಹೊರಗಿನವನು ಅಂತ, ಇಲ್ಲಿ ನಿವಾಸಿ ಅಂತ."

"ನನಗೆ ಯಾರೂ ಹೇಳಲಿಲ್ಲವಲ್ಲ."

"ಅಂದ್ರೆ, ಯಾರೂ ಹೇಳಲ್ಲ. ಕಾಗದ ಬರುತ್ತೆ ಅಷ್ಟೆ."

ದಾರಿ ಒಂದೇ ಇದೆಯಂತೆ. ಕಳೆದ ವರ್ಷದ ಒಂದೊಂದು ತಾರೀಖಿನ ಮುಂದೆ ಆ ರಾತ್ರಿ ಹನ್ನೆರಡಕ್ಕೆ ಎಲ್ಲಿದ್ದೆ ಎಂದು ಬರೆದು ಸಹಿ ಹಾಕಬೇಕು. ಜೊತೆಗೆ ನನ್ನ ಬದುಕು ಮನೆಯ ದಡದಲ್ಲೇ ಇದೆ ಎಂಬುದಕ್ಕೆ ಪುರಾವೆ ಕೊಡಬೇಕು. ಪಟ್ಟಿ ಮಾತ್ರ ಕೂದಲೆಳೆಯಷ್ಟೂ ತಪ್ಪಬಾರದು, ಒಂದು ಸುಳ್ಳು ಸಿಕ್ಕಿದರೆ ಮಿಕ್ಕಿದ್ದನ್ನು ಯಾರೂ ಓದುವುದಿಲ್ಲ ಎಂದ. ಬದುಕಿಗೆ ಪುರಾವೆ ಎಂದರೇನು ಎಂದು ಕೇಳಲು ನಾಚಿಕೆಯಾಯಿತು.

ಮಾರ್ಚ್ 12, ಗುರುವಾರ

ನಿನ್ನೆಯ ಪತ್ರಿಕೆಗೆ ನನಗೆ ವಾರದ ರಜೆ. ರಜೆ ಪ್ರತಿವಾರ ಬೇರೆ ಬೇರೆ ದಿನಕ್ಕೆ ತಿರುಗುತ್ತದೆ, ಯಾವತ್ತು ಬಂದರೂ ನಾನು ಕೊರಡಿನಂತೆ ಮಲಗುತ್ತೇನೆ. ಎಂಟೂವರೆಗೆ ಎದ್ದು ನೋಡಿದರೆ ಮಗಳು ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಕುಂಟುತ್ತ ಓಡುತ್ತಿದ್ದಳು. ಶಾಲೆಗೆ ತಡ. ಸಂಜೆ ಶಾಲೆಯಿಂದ ಮತ್ತೆ ಚೀಟಿ.

ನನಗೆ ಸಿಟ್ಟು ನೆತ್ತಿಗೇರಿತು. ಇವಳ ಅಮ್ಮ ಬೆಳಗಿನ ಐದಕ್ಕೆ ಆಸ್ಪತ್ರೆಯ ಅಡುಗೆಮನೆಗೆ ಹೋಗಬೇಕು. ನಾನು ರಾತ್ರಿಯೆಲ್ಲ ದುಡಿದು ಆರು ಹತ್ತಕ್ಕೆ ಬಂದು ಬೀಳುತ್ತೇನೆ. ಇವಳಿಗೆ ಇರುವುದು ಏಳುವುದೊಂದೇ ಕೆಲಸ. ಮಿಕ್ಕ ದಿನ ಸರಿಯಾಗಿಯೇ ಹೋಗುತ್ತಾಳೆ. ನಾನು ಮನೆಯಲ್ಲಿದ್ದ ದಿನವೇ ತಡ. ಇದು ಸೋಮಾರಿತನ ಅಲ್ಲ, ನನ್ನ ಮೇಲಿನ ಹಠ. "ನಾನಿದ್ದಾಗ ನಿನಗೆ ಏನಾಗುತ್ತೆ?" ಎಂದು ಕೇಳಿದೆ. ಮುಖ ತಿರುಗಿಸಿದಳು.

ಇನ್ನೊಂದು. ನಮ್ಮ ಬಾಗಿಲ ಬೀಗ ತುಕ್ಕು ಹಿಡಿದು, ಕೀಲಿ ಎರಡು ಸುತ್ತು ತಿರುಗಿಸುವಾಗ ಕಟಕಟ ಎಂದು ಇಡೀ ಮಹಡಿಗೆ ಕೇಳುತ್ತದೆ. ಪ್ರೆಸ್ಸಿನಿಂದ ಎಣ್ಣೆ ತಂದು ಬಿಡೋಣವೆಂದರೆ ಇವಳು ಅಡ್ಡ ನಿಂತಳು. "ಬೇಡ ಅಪ್ಪ, ಹಾಕ್ಬೇಡ, ಚೆನ್ನಾಗೇ ಇದೆ." ಎಣ್ಣೆಯ ಬಾಟಲಿಯನ್ನು ಎಲ್ಲೋ ಬಚ್ಚಿಟ್ಟಿದ್ದಾಳೆ. ನಾನು ಮಾಡುವ ಯಾವುದೂ ಇವಳಿಗೆ ಸೇರುವುದಿಲ್ಲ. ಇವಳ ಪರೀಕ್ಷೆಗೋಸ್ಕರ ನಾನು ನಿದ್ದೆ ಬಿಟ್ಟು ಸಲಹೆಗಾರನ ಮೆಟ್ಟಿಲು ಹತ್ತುತ್ತಿದ್ದೇನೆ ಎಂದು ಇವಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಮಾರ್ಚ್ 17, ಮಂಗಳವಾರ

ಸಿಕ್ಕಿಬಿದ್ದೆ. ಬಿಸಿಲು ಬಂದಿತೆಂದು ಹೆಂಡತಿ ಬೂಟುಗಳನ್ನು ಒಣಗಲು ಇಟ್ಟಿದ್ದಾಳೆ. ಮೂರು ಗಂಟೆಗೆ ನಾನೆದ್ದು ಅಡುಗೆಮನೆಗೆ ಹೋದಾಗ ಕಾಗದ ಮೇಜಿನ ಮೇಲೆ, ಅದರ ಮೇಲೆ ಉಪ್ಪಿನ ಡಬ್ಬಿ.

"ಎಷ್ಟು ದಿನದಿಂದ ಇದು ಬೂಟಲ್ಲಿದೆ?"

"ಎರಡು ವಾರ."

"ನಾನು ಯಾರು ಈ ಮನೇಲಿ? ಬಾಡಿಗೆಗೆ ಇರೋಳಾ?"

ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಆಮೇಲೆ ಮೂಗೊರೆಸಿಕೊಂಡು ಪುರಾವೆ ಹುಡುಕಲು ಕುಳಿತಳು. ಕರೆಂಟಿನ ಬಿಲ್ಲು ಇವಳ ಹೆಸರಿನಲ್ಲಿ. ಬಾಡಿಗೆ ಕರಾರೂ ಇವಳದೇ, ಅವತ್ತು ನಾನು ಮಲಗಿದ್ದೆ. ಶಾಲೆಯ ಪೋಷಕರ ಸಭೆಯ ಸಹಿಗಳೆಲ್ಲ ಇವಳವು. ಫೋಟೋ ನೋಡಿದೆವು, ಮಗಳಿಗೆ ಓಟದಲ್ಲಿ ಬಹುಮಾನ ಬಂದದ್ದು, ಸಮುದ್ರಕ್ಕೆ ಹೋದದ್ದು, ಮನೆಗೆ ಬಣ್ಣ ಬಳಿದದ್ದು. ಒಂದರಲ್ಲೂ ನಾನಿಲ್ಲ. ಬಣ್ಣ ಬಳಿದದ್ದರಲ್ಲಿ ಹಿಂದೆ ಮುಚ್ಚಿದ ಬಾಗಿಲೊಂದು ಕಾಣುತ್ತದೆ. "ಆ ಬಾಗಿಲ ಹಿಂದೆ ಇದ್ದೀರಿ ನೀವು, ಗೊರಕೆ ಹೊಡೀತಾ" ಎಂದಳು. ನಕ್ಕಳು. ನನಗೆ ನಗು ಬರಲಿಲ್ಲ.

ನನ್ನದೆಂದು ಇರುವುದು ಪತ್ರಿಕೆಗಳ ರಾಶಿ. ದಿನವೂ ಮೊದಲ ಪ್ರತಿಗಳಲ್ಲಿ ಒಂದನ್ನು ಅಂಗಿಯೊಳಗಿಟ್ಟು ತಂದು ಮೇಜಿನ ಮೇಲಿಡುತ್ತೇನೆ. ಮಗಳು ಪದಬಂಧ ತುಂಬುತ್ತಾಳೆ, ಆಮೇಲೆ ಅವು ಮಂಚದ ಕೆಳಗೆ ಸೇರುತ್ತವೆ. ಕಳೆದ ವರ್ಷದ್ದೆಲ್ಲ ಇದೆ. ಯಾವ ತಾರೀಖಿನ ಪತ್ರಿಕೆ ಇಲ್ಲವೋ ಅಂದು ನನಗೆ ರಜೆ. ಮನೆಯಲ್ಲಿದ್ದ 82 ದಿನಗಳನ್ನೂ ಹೀಗೇ ಪತ್ತೆ ಹಚ್ಚಿ ಪಟ್ಟಿ ಮಾಡಿದೆವು. ಒಂದೂ ತಪ್ಪಿಲ್ಲ. ಪ್ಲೇಟಿನ ಅಂಚು ಹೊಂದಿಸುವ ಕೈ ನನ್ನದು, ತಪ್ಪಲು ಬಿಡುತ್ತೇನೆಯೇ.

ಮಾರ್ಚ್ 18, ಬುಧವಾರ

ಮಗಳಿಗೂ ಗೊತ್ತಾಗಿದೆ. ಪದಬಂಧ ಅರ್ಧಕ್ಕೇ ಬಿಟ್ಟಿದ್ದಾಳೆ.

ಏಪ್ರಿಲ್ 2, ಗುರುವಾರ

ಪಟ್ಟಿ ಕೊಟ್ಟು ಹತ್ತು ದಿನವಾಯಿತು. ಅಂಚೆಯವನ ಹೆಜ್ಜೆ ಎರಡನೇ ಮಹಡಿ ಹತ್ತುವಾಗಲೇ ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಹತ್ತುವುದಿಲ್ಲ. ಎದ್ದು ಕೂತಿರುತ್ತೇನೆ. ಹಾಗಾಗಿ ಮೂರೂವರೆಗೆ ಮಗಳು ಬರುವುದು ನೋಡಲು ಸಿಗುತ್ತದೆ. ಚೀಲವನ್ನು ಕುರ್ಚಿಗೆ ಎಸೆಯುತ್ತಾಳೆ, ನಿಂತುಕೊಂಡೇ ಬಾಳೆಹಣ್ಣು ತಿನ್ನುತ್ತಾಳೆ, ಸಿಪ್ಪೆಯನ್ನು ನಾಲ್ಕಾಗಿ ಮಡಚಿ ಬುಟ್ಟಿಗೆ ಹಾಕುತ್ತಾಳೆ. ಸಿಪ್ಪೆ ಮಡಚುವುದನ್ನು ಎಲ್ಲಿ ಕಲಿತಳೋ. ನಾನು ಪ್ರೆಸ್ಸಿನಲ್ಲಿ ಹಾಳೆ ಮಡಚುವುದು ಹಾಗೆಯೇ.

ಫೋರ್‌ಮನ್ ಕೇಳಿದ, "ಏನಪ್ಪಾ, ಮಷೀನ್ ಮುಂದೆ ನಿಂತು ಯಾವ ಲೋಕದಲ್ಲಿದ್ದೀಯ?" ಪುಟದ ಬಣ್ಣ ಎರಡು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು, ನನಗೆ ಕಂಡಿರಲಿಲ್ಲ. ಮುನ್ನೂರು ಪ್ರತಿ ರದ್ದಿಗೆ ಹೋದವು.

ಏಪ್ರಿಲ್ 15, ಬುಧವಾರ

ಮಧ್ಯಾಹ್ನ ಮತ್ತೆ ಅಂಚೆಯವನು ಬಂದ.

ಎರಡನೇ ಕಾಗದ. ಸೇತುವೆಯ ಗೇಟಿನಲ್ಲಿ ನಾವು ಒತ್ತುವ ಕಾರ್ಡಿನ ದಾಖಲೆಯನ್ನು ತರಿಸಿದ್ದಾರೆ. ನಾನು ಮನೆಯಲ್ಲಿದ್ದೆ ಎಂದು ಬರೆದ 82 ರಾತ್ರಿಗಳಲ್ಲಿ 48 ರಾತ್ರಿ ಸೇತುವೆ ದಾಟಿ ಕೆಲಸಕ್ಕೆ ಹೋಗಿದ್ದೇನಂತೆ. ಕೆಲಸದಲ್ಲಿದ್ದೆ ಎಂದು ಬರೆದ ಅಷ್ಟೇ ರಾತ್ರಿ ಸೇತುವೆಯ ಹತ್ತಿರವೂ ಸುಳಿದಿಲ್ಲವಂತೆ. "ಸುಳ್ಳು ಘೋಷಣೆ ಎಂದು ಪರಿಗಣಿಸಲು ಕಾರಣಗಳಿವೆ." ಏಪ್ರಿಲ್ 28ಕ್ಕೆ ಖುದ್ದಾಗಿ ಹಾಜರಾಗಬೇಕು. ಹೆಂಡತಿ, ಮಗಳು ಇಬ್ಬರೂ ನನ್ನ ವಾಸದ ಬಗ್ಗೆ ಬೇರೆ ಬೇರೆಯಾಗಿ ಬರೆದು, ಮುಚ್ಚಿದ ಲಕೋಟೆಯಲ್ಲಿ ತರಬೇಕು.

ಪತ್ರಿಕೆಗಳನ್ನು ಮತ್ತೆ ಎಳೆದು ಹರವಿ ನೋಡಿದೆವು. ಪಟ್ಟಿ ಸರಿಯಾಗಿದೆ. ಎಲ್ಲವೂ ಸರಿಯಾಗಿದೆ. ಹಾಗಾದರೆ ಸೇತುವೆ ಸುಳ್ಳು ಹೇಳುತ್ತದೆಯೇ? ಅಂದ್ರೆಪ್ಪನಿಗೆ ಫೋನ್ ಮಾಡಿದೆ. ಅವನು ಮೊದಲ ಸಲ "ಅಂದ್ರೆ" ಎನ್ನದೆ, ಹಾಜರಾಗಿ ಎಂದಷ್ಟೇ ಹೇಳಿ ಫೋನ್ ಇಟ್ಟ. ಅದೇ ಹೆಚ್ಚು ಹೆದರಿಸಿತು.

ಏಪ್ರಿಲ್ 16, ಗುರುವಾರ

ಸೂಟ್‌ಕೇಸು ಅಟ್ಟದ ಮೇಲಿದೆಯೋ ನೆಲಮಾಳಿಗೆಯಲ್ಲಿದೆಯೋ ಎಂದು ಯೋಚಿಸುತ್ತಿದ್ದೆ.

ಏಪ್ರಿಲ್ 21, ಮಂಗಳವಾರ

ಮಗಳಿಗೆ ಹೇಳಿದೆ, "ನೋಡಮ್ಮ, ಹೆಚ್ಚು ಬರೀಬೇಡ. ಅಪ್ಪ ರಾತ್ರಿ ಮನೇಲೇ ಇರ್ತಾರೆ, ನಾವೆಲ್ಲ ಒಟ್ಟಿಗೆ ಇರ್ತೀವಿ ಅಂತ ಬರಿ, ಸಾಕು."

"ಇರಲ್ವಲ್ಲ ಅಪ್ಪ ನೀನು."

"ಬರೆದ್ರೆ ಏನಾಗುತ್ತೆ?"

"ನನಗೆ ಗೊತ್ತಿರೋದು ನಾನು ಬರೀತೀನಿ."

ಬಾಗಿಲು ಹಾಕಿಕೊಂಡು ಎರಡು ಗಂಟೆ ಬರೆದಳು. ಮೊನ್ನೆ ಶಾಲೆಯ ಆಫೀಸಿನಿಂದ ಏನೋ ನಕಲು ತಂದಿದ್ದಾಳೆ, ಅದನ್ನೂ ಒಳಗಿಟ್ಟು ಲಕೋಟೆಗೆ ಅಂಟು ಬಳಿದಳು. ತೋರಿಸು ಎಂದರೆ ತೋರಿಸಲಿಲ್ಲ. ಇವಳ ಅಮ್ಮನೂ ಇವಳ ಪರ. ತಡವಾಗಿ ಹೋದ ದಿನ ನಾನು ಬೈದದ್ದನ್ನೆಲ್ಲ ಬರೆದಿರುತ್ತಾಳೆ. ಬರೆಯಲಿ. ಹನ್ನೆರಡಕ್ಕೆ ಎಲ್ಲಿದ್ದಿರಿ ಎನ್ನುವವರಿಗೆ, ಇದ್ದಾಗ ಏನು ಮಾಡಿದಿರಿ ಎನ್ನುವುದೂ ಗೊತ್ತಾಗಲಿ. ಲಕೋಟೆಯನ್ನು ಕೆಟಲ್‌ನ ಹಬೆಗೆ ಹಿಡಿಯೋಣವೆಂದು ಒಂದು ಸಲ ಎದ್ದೆ. ಮತ್ತೆ ಕುಳಿತೆ.

ಏಪ್ರಿಲ್ 29, ಬುಧವಾರ

ಇವತ್ತು ಬೆಳಿಗ್ಗೆ ಹೋಗಿಬಂದೆವು. ಪ್ಲೇಟು ತಡವಂತೆ, ಪೂರ್ತಿ ಬರೆಯುತ್ತೇನೆ.

ನಾಲ್ಕನೇ ಮಹಡಿ, ಹಸಿರು ಕುರ್ಚಿಗಳು, ಗೋಡೆಯಲ್ಲಿ ನಿಂತುಹೋದ ಗಡಿಯಾರ. ಕೆಲಸ ಮುಗಿಸಿ ನೇರ ಹೋಗಿದ್ದೆ, ಉಗುರ ಸಂದಿಯಲ್ಲಿ ಶಾಯಿ. ಹೆಂಡತಿ ಕರವಸ್ತ್ರ ಒದ್ದೆ ಮಾಡಿಕೊಂಡು ನನ್ನ ಕೈ ತಿಕ್ಕುತ್ತಿರುವಾಗಲೇ ಕರೆದರು. ಅಧಿಕಾರಿ ಐವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ದಾರ. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ನನ್ನ ಪಟ್ಟಿಯನ್ನು ಎಡಕ್ಕೆ, ಸೇತುವೆಯ ದಾಖಲೆಯನ್ನು ಬಲಕ್ಕೆ ಇಟ್ಟರು.

"ಒಂದೆರಡು ದಿನ ಹೆಚ್ಚುಕಮ್ಮಿ ಆದ್ರೆ ಮರೆವು ಅನ್ನಬಹುದು. ನಲವತ್ತೆಂಟು?"

"ಮೇಡಂ, ನಾನು ಪತ್ರಿಕೆ ನೋಡ್ಕೊಂಡು ಬರೆದಿದ್ದು. ಸುಳ್ಳಲ್ಲ" ಎಂದೆ. ಅದೊಂದನ್ನೇ ಮೂರು ಸಲ ಹೇಳಿದೆ ಎಂದು ಇವಳು ಆಮೇಲೆ ಹೇಳಿದಳು.

ಇವಳ ಲಕೋಟೆ ಒಡೆದು ಓದಿದರು, ಪಕ್ಕಕ್ಕಿಟ್ಟರು. ಮಗಳದ್ದು ಒಡೆದರು. ಮೊದಲ ಸಾಲು ಗಟ್ಟಿಯಾಗಿ ಓದಿದರು: "ನಮ್ಮ ಅಪ್ಪ ರಾತ್ರಿ ಮನೆಯಲ್ಲಿ ಇರುವುದಿಲ್ಲ."

ಮುಗಿಯಿತು ಎಂದುಕೊಂಡೆ. ಇವಳು ನನ್ನ ತೋಳು ಹಿಡಿದುಕೊಂಡಳು. ಮಗಳು ನೆಲ ನೋಡುತ್ತಿದ್ದಳು. ಅಧಿಕಾರಿ ಓದುತ್ತಲೇ ಹೋದರು. ನನಗೆ ನೆನಪಿರುವಷ್ಟು ಬರೆದಿಡುತ್ತೇನೆ.

"ಅಮ್ಮ ಐದಕ್ಕೆ ಹೋಗುತ್ತಾರೆ. ಆಮೇಲೆ ಮನೆಯಲ್ಲಿ ನಾನೊಬ್ಬಳೇ. ಆರು ಹತ್ತಕ್ಕೆ ಅಪ್ಪನ ಕೀಲಿ ಎರಡು ಸುತ್ತು ತಿರುಗುತ್ತದೆ. ಬೀಗ ಹಾಳಾಗಿರುವುದರಿಂದ ಜೋರಾಗಿ ಕೇಳುತ್ತದೆ. ನಾನು ಏಳುವುದು ಅದಕ್ಕೇ. ಅಲಾರಂ ಇಟ್ಟರೆ ಆರಿಸಿ ಮಲಗಿಬಿಡುತ್ತೇನೆ, ಕೀಲಿಯನ್ನು ಆರಿಸಲು ಬರುವುದಿಲ್ಲ. ಅಪ್ಪ ಬಂದರು ಎಂದು ಗೊತ್ತಾದ ಮೇಲೆ ಹೆದರಿಕೆಯೂ ಇರುವುದಿಲ್ಲ. ಅಪ್ಪನಿಗೆ ರಜೆ ಇದ್ದ ದಿನ ಕೀಲಿ ತಿರುಗುವುದಿಲ್ಲ, ಆದ್ದರಿಂದ ನನಗೆ ಎಚ್ಚರ ಆಗುವುದಿಲ್ಲ, ಶಾಲೆಗೆ ತಡವಾಗುತ್ತದೆ. ಕಳೆದ ವರ್ಷ ನಾನು ತಡವಾಗಿ ಹೋದ 29 ದಿನಗಳ ಪಟ್ಟಿ ಶಾಲೆಯಿಂದ ತಂದಿದ್ದೇನೆ. ಅದರಲ್ಲಿ 26 ದಿನ ಅಪ್ಪ ಮನೆಯಲ್ಲಿದ್ದರು. ಉಳಿದ ಮೂರು ದಿನ ನನ್ನದೇ ಸೋಮಾರಿತನ."

ನಾನು ಮಗಳ ಕಡೆ ನೋಡಲು ಹೋಗಲಿಲ್ಲ, ಆಗಲಿಲ್ಲ. ಚೀಟಿ ಬಂದಾಗಲೆಲ್ಲ ನಾನು ಆಡಿದ ಮಾತು ಒಂದೊಂದೂ ಕಿವಿಯಲ್ಲಿ ಕೇಳುತ್ತಿತ್ತು.

ಅಧಿಕಾರಿ ಶಾಲೆಯ ಪಟ್ಟಿಯನ್ನು ತೆಗೆದು ನನ್ನ ಪಟ್ಟಿಯ ಪಕ್ಕ ಇಟ್ಟು ಪೆನ್ಸಿಲ್‌ನಿಂದ ಗುರುತು ಹಾಕುತ್ತ ಹೋದರು. ಇಪ್ಪತ್ತಾರಕ್ಕೆ ಇಪ್ಪತ್ತಾರು. ಪೆನ್ಸಿಲ್ ಕಿವಿಯ ಮೇಲಿಟ್ಟು ಕೇಳಿದರು, "ವಿಚಿತ್ರ. ಮಗಳ ಜೊತೆ ಹೊಂದುತ್ತೆ, ಸೇತುವೆ ಜೊತೆ ಹೊಂದಲ್ಲ. ಮಂಗಳವಾರ ರಾತ್ರಿ ರಜೆ ತಗೊಂಡ್ರೆ ನೀವು ಏನಂತ ಬರೀತೀರಿ?"

"ಬುಧವಾರ ಅಂತ, ಮೇಡಂ."

"ಯಾಕೆ?"

"ಬುಧವಾರದ ಪತ್ರಿಕೆ ಅಲ್ವಾ ಅದು."

ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಇಡೀ ಪ್ರೆಸ್ಸಿನಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಬರೆಯುತ್ತಿದ್ದರು. ಅಧಿಕಾರಿ ಪಟ್ಟಿಯ ಮೇಲೆ ಸ್ಕೇಲು ಇಟ್ಟು, ಎಲ್ಲವನ್ನೂ ಒಂದು ಸಾಲು ಮೇಲಕ್ಕೆ ಸರಿಸಿ ನೋಡಿದರು. ಸೇತುವೆ ಹೊಂದಿತು. ನಲವತ್ತೆಂಟೂ ಹೊಂದಿತು.

"ಹನ್ನೊಂದು ವರ್ಷದಿಂದ ನೀವು ನಾಳೆಯಲ್ಲೇ ಇದ್ದೀರಿ" ಎಂದರು. ನಕ್ಕರೋ ಏನೋ, ಕನ್ನಡಕದ ದಾರ ಅಲ್ಲಾಡಿತು.

"ನಾನೂ ಅದನ್ನೇ ಹೇಳೋದು ಮೇಡಂ!" ಎಂದಳು ನನ್ನ ಹೆಂಡತಿ. ಅಲ್ಲಿಯೂ ಬಿಡಲಿಲ್ಲ.

ಹನ್ನೆರಡರ ಲೆಕ್ಕ ಬದಲಾಗುವುದಿಲ್ಲವಂತೆ, 283 ಎಂದರೆ 283. ಆದರೆ ಎಣಿಕೆ ಒಂದು ಕಡೆ, ಮನೆ ಇನ್ನೊಂದು ಕಡೆ ಇದ್ದರೆ ದಿನ ಮುಗಿದ ಮೇಲೆ ಮನುಷ್ಯ ಎಲ್ಲಿಗೆ ಮರಳುತ್ತಾನೆ ಎಂದೂ ನೋಡಬೇಕು, ಅದಕ್ಕೆ ನಿಯಮದಲ್ಲಿ ಜಾಗವಿದೆ ಎಂದರು. ಪ್ರೆಸ್ಸಿನ ದಡದಲ್ಲಿ ಹೊರಗಿನವನೆಂದು ರಿಟರ್ನ್ ಸಲ್ಲಿಸಲೇಬೇಕು. ತೀರ್ಮಾನಕ್ಕೆ ಮೂರು ವಾರ. ಇನ್ನೂ ಏನೂ ಖಚಿತವಿಲ್ಲ.

ಮೆಟ್ಟಿಲಿಳಿಯುವಾಗ ಮಗಳಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. "ಹೆದರಿಕೆ ಆಗುತ್ತೆ ಅಂತ ಹೇಳ್ಲಿಲ್ವಲ್ಲ ನೀನು" ಎಂದೆ.

"ನೀನು ಮಲಗಿರ್ತೀಯಲ್ಲ ಅಪ್ಪ" ಎಂದಳು. ದೂರಿನ ದನಿಯೇ ಇರಲಿಲ್ಲ.

ಪ್ಲೇಟು ಬಂತು.

ಏಪ್ರಿಲ್ 29, ಬುಧವಾರ

ಇನ್ನು ಗಡಿಯಾರದ ತಾರೀಖನ್ನೇ ಹಾಕುತ್ತೇನೆ, ಹಾಗಾಗಿ ಹಿಂದಿನ ಪುಟದಲ್ಲೂ ಇದೇ ತಾರೀಖಿದೆ. ಇರಲಿ, ಒಂದು ದಿನ ಹೆಚ್ಚಿಗೆ ಸಿಕ್ಕಿತು ಎಂದುಕೊಳ್ಳುತ್ತೇನೆ.

ಅಂದ್ರೆಪ್ಪನ ಹತ್ತಿರ ಪ್ರೆಸ್ಸಿನ ದಡದ ರಿಟರ್ನ್‌ಗೆ ಸಹಿ ಹಾಕಿದೆ. ಮಗಳು ಬರುವ ಹೊತ್ತಾಯಿತು.

ಮೇ 9, ಶನಿವಾರ

ಅಂಚೆಯಲ್ಲಿ ಬರೀ ಹಲ್ಲಿನ ಡಾಕ್ಟರ ಜಾಹೀರಾತು. ಮಗಳು ಪದಬಂಧವನ್ನು ನನ್ನ ಮುಂದೆ ತಳ್ಳಿ "ಎಂಟು ಅಡ್ಡ ಹೇಳು" ಎಂದಳು. ನಾನು ದಿನವೂ ಲಕ್ಷಗಟ್ಟಲೆ ಅಚ್ಚು ಹಾಕುವ ಪದಬಂಧ. ಒಂದು ದಿನವೂ ತುಂಬಿರಲಿಲ್ಲ. ಎಂಟು ಅಡ್ಡ ನನಗೆ ಬರಲಿಲ್ಲ. ಮೂರು ಕೆಳಗೆ ಬಂತು.

ಮೇ 20, ಬುಧವಾರ

ನಿನ್ನೆ ಮಧ್ಯಾಹ್ನ ಬಂತು. ಒಂದೇ ಹಾಳೆ. ನಾನು ಮನೆಯ ದಡದ ನಿವಾಸಿ. ಹೆಂಡತಿ ಅದನ್ನು ನಾಲ್ಕು ಸಲ ಓದಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹಾಸಿಗೆಯ ಕೆಳಗಿಟ್ಟು ಅದರ ಮೇಲೆಯೇ ಕುಳಿತು ಅತ್ತಳು. ಪರವಾನಗಿಯ ಅರ್ಜಿ ನಾಳೆ ಹಾಕುತ್ತೇವೆ. ನಾಳೆ ಎಂದರೆ ಗುರುವಾರ.

ನಿನ್ನೆ ರಾತ್ರಿ ನನಗೆ ರಜೆ. ಅಷ್ಟು ದಿನದ ನಿದ್ದೆ ಬಾಕಿಯಿತ್ತು, ಆದರೂ ಆರಕ್ಕೆ ಎಚ್ಚರವಾಯಿತು. ಇವಳು ಆಗಲೇ ಕೆಲಸಕ್ಕೆ ಹೋಗಿದ್ದಳು. ಮಗಳ ಕೋಣೆಯಲ್ಲಿ ಸದ್ದಿಲ್ಲ. ಬಾಗಿಲು ತಟ್ಟಿ ಎಬ್ಬಿಸಬಹುದಿತ್ತು. ಎದ್ದು ಪೈಜಾಮದಲ್ಲೇ ಚಪ್ಪಲಿ ಮೆಟ್ಟಿ, ಕೀಲಿ ತೆಗೆದುಕೊಂಡು ಹೊರಗೆ ಹೋಗಿ, ಬಾಗಿಲು ಮೆಲ್ಲಗೆ ಎಳೆದುಕೊಂಡೆ. ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡುತ್ತಿದ್ದೆ. ಹಾಲು ತರಲು ಇಳಿಯುತ್ತಿದ್ದ ಮೇಲಿನ ಮನೆಯ ಅಜ್ಜಿ "ಹೊರಗೆ ಹಾಕಿಬಿಟ್ರಾ?" ಎಂದು ಕೇಳಿದರು. ಇಲ್ಲಮ್ಮ, ಈಗ ಬರ್ತಾ ಇದ್ದೀನಿ ಎಂದೆ.

ಆರು ಹತ್ತಕ್ಕೆ ಕೀಲಿಯನ್ನು ಎರಡು ಸುತ್ತು ತಿರುಗಿಸಿದೆ.

ಒಳಗಿನಿಂದ ಮಂಚ ಕಿರ್ ಎಂದಿತು. ಬರಿಗಾಲಿನ ಸದ್ದು. ಕೆದರಿದ ತಲೆಯ ಮಗಳು ಕೋಣೆಯ ಬಾಗಿಲಲ್ಲಿ ನಿಂತು ನನ್ನ ಪೈಜಾಮ ನೋಡಿದಳು, ಕೈಯಲ್ಲಿದ್ದ ಕೀಲಿ ನೋಡಿದಳು.

"ಅಪ್ಪ, ನಿನಗೆ ಇವತ್ತು ರಜೆ ಅಲ್ವಾ?"

"ಹೌದು."

ಅವಳು ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟಳು, ಎರಡು ಲೋಟ ತೆಗೆದಳು.